ನಿಮಿಷಕ್ಕೆ 15 ಪದದ ವೇಗ ಸಾಕೇ? ಕ್ಲಬ್ ಪರ ಮೋರ್ಸ್ ಸ್ಪರ್ಧೆಗೆ ಇಳಿಯುವ ಮುನ್ನ

ಹ್ಯಾಮ್ (ಹವ್ಯಾಸಿ ರೇಡಿಯೋ) ಕ್ಲಬ್‌ಗೆ ಹೊಸದಾಗಿ ಸೇರಿದವರು ಸ್ಪರ್ಧೆಯ ದಿನ ಹತ್ತಿರ ಬಂದಾಗಲೆಲ್ಲ ಕೇಳುವ ಪ್ರಶ್ನೆ ಇದು: "ನನಗೆ ನಿಮಿಷಕ್ಕೆ 15 ಪದ ಹಿಡಿಯುವುದೇ ಕಷ್ಟ. ಅಲ್ಲಿ ಎಲ್ಲರೂ 28–30ರಲ್ಲಿ ಕಳಿಸುತ್ತಾರೆ. ನಾನು ಇಳಿದರೆ ಕ್ಲಬ್ಬಿನ ಅಂಕ ಕೆಡುವುದಿಲ್ಲವೇ?"

ಕೆಡುವುದಿಲ್ಲ. ಧೈರ್ಯವಾಗಿ ಇಳಿಯಿರಿ. ನವೆಂಬರ್‌ನ ಕೊನೆಯ ಪೂರ್ಣ ವಾರಾಂತ್ಯದಲ್ಲಿ 48 ಗಂಟೆ ನಡೆಯುವ ಸಿಕ್ಯೂ ವರ್ಲ್ಡ್‌ವೈಡ್ ಸಿಡಬ್ಲ್ಯೂ (ಅಂದರೆ ಮೋರ್ಸ್) ಸ್ಪರ್ಧೆಯನ್ನೇ ನೋಡಿ. ಅಲ್ಲಿ ಕ್ಲಬ್ಬಿನ ಅಂಕವೆಂದರೆ ಸದಸ್ಯರ ಅಂಕಗಳ ಮೊತ್ತ, ಸರಾಸರಿಯಲ್ಲ. ಕ್ಲಬ್ ಪಟ್ಟಿಗೆ ಸೇರಲು ಕನಿಷ್ಠ ನಾಲ್ಕು ಲಾಗ್ (ಮಾಡಿದ ಸಂಪರ್ಕಗಳ ದಾಖಲೆ) ಬೇಕು. ಸಣ್ಣ ಕ್ಲಬ್ಬಿಗೆ ಆ ನಾಲ್ಕನೆಯದು ನಿಮ್ಮದೇ ಆಗಬಹುದು.

ಅಲ್ಲಿ ನೀವು ಹಿಡಿಯಬೇಕಾದದ್ದು ಎರಡೇ: ಎದುರಿನವರ ಕಾಲ್‌ಸೈನ್ (ಅಕ್ಷರ-ಅಂಕಿಗಳ ಗುರುತು) ಮತ್ತು ಅವರಿರುವ ಭೂಭಾಗದ ವಲಯ ಸಂಖ್ಯೆ. ಸಿಗ್ನಲ್ ವರದಿ ಸದಾ 599. ಒಂಬತ್ತನ್ನು ಚುಟುಕಾಗಿ 'ಎನ್' ಎಂದು ಕಳಿಸುತ್ತಾರೆ. ವಲಯದಲ್ಲೂ ಒಂದಕ್ಕೆ 'ಎ', ಸೊನ್ನೆಗೆ 'ಟಿ' ಬರಬಹುದು, ಅಂದರೆ 'ಎ4' ಕೇಳಿಸಿದರೆ 14.

ನಿಧಾನದವರು ಒಂದೇ ಕಡೆ ನಿಂತು ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆಯುವುದು ಬೇಡ. ಬ್ಯಾಂಡ್ ಉದ್ದಕ್ಕೂ ಹುಡುಕುತ್ತಾ ಹೋಗಿ, ಸಿಕ್ಯೂ ಕರೆಯುವವರಿಗೆ ಉತ್ತರಿಸಿ. ಅವರು ತಮ್ಮ ಕಾಲ್‌ಸೈನ್ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತಾರೆ. ಮೂರು ಸಲ ಕೇಳಿದ ಮೇಲೆ ಹಿಡಿದರೂ ಅಂಕ ಅಷ್ಟೇ. ಅವರು ಇತರರಿಗೆ ಕೊಡುವ ವಲಯವನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಆಮೇಲೆ ನಿಮ್ಮ ಕಾಲ್‌ಸೈನ್ ಒಮ್ಮೆ ಮಾತ್ರ ಕಳಿಸಿ. ಅವರು ಅದನ್ನು ತಪ್ಪಾಗಿ ಹೇಳಿದರೆ ವಲಯ ಕೊಡುವ ಮೊದಲು ಕಾಲ್‌ಸೈನನ್ನೇ ಮತ್ತೆ ಕಳಿಸಿ. ಇಲ್ಲದಿದ್ದರೆ ಅವರ ಲಾಗ್‌ನಲ್ಲಿ ನಿಮ್ಮ ಕಾಲ್‌ಸೈನ್ ತಪ್ಪಾಗಿ ಸೇರುತ್ತದೆ.

ಹೆಚ್ಚು ನಷ್ಟವಾಗುವುದು ತಪ್ಪು ಕಾಲ್‌ಸೈನ್‌ನಿಂದ. ಆ ಸಂಪರ್ಕ ಹೋಗುವುದಲ್ಲದೆ ದಂಡವಾಗಿ ಇನ್ನಷ್ಟು ಅಂಕವನ್ನೂ ಕಳೆಯುತ್ತಾರೆ. 25 ಪದದ ವೇಗದಲ್ಲಿ ಒಂದು ಡಿಟ್ (ಮೋರ್ಸ್‌ನ ಚುಕ್ಕೆ) 48 ಮಿಲಿಸೆಕೆಂಡ್. 'ಎಚ್' ಅಂದರೆ ನಾಲ್ಕು ಡಿಟ್, '5' ಅಂದರೆ ಐದು. ಇವೆರಡರ ನಡುವಿನ ವ್ಯತ್ಯಾಸ, ಒಂದು ಡಿಟ್ ಮತ್ತು ಅಷ್ಟೇ ಉದ್ದದ ಬಿಡುವು ಸೇರಿ, 96 ಮಿಲಿಸೆಕೆಂಡ್ ಮಾತ್ರ. 'ಬಿ'ಗೂ '6'ಕ್ಕೂ, 'ವಿ'ಗೂ '4'ಕ್ಕೂ ಇದೇ ಪಾಡು. ಅನುಮಾನ ಬಂದರೆ ಪ್ರಶ್ನಾರ್ಥಕ ಕಳಿಸಿ ಕೇಳಿ, ನಾಚಿಕೆ ಬೇಡ. ಕ್ಲಸ್ಟರ್ (ಯಾರು ಎಲ್ಲಿ ಕೇಳಿಸುತ್ತಿದ್ದಾರೆಂದು ತಿಳಿಸುವ ಅಂತರ್ಜಾಲ ಪಟ್ಟಿ) ತೋರಿಸಿದ ಕಾಲ್‌ಸೈನನ್ನು ಕಿವಿಯಾರೆ ಕೇಳದೆ ಲಾಗ್ ಮಾಡಲೇಬೇಡಿ. ಸಾಫ್ಟ್‌ವೇರ್ ತಾನಾಗಿ ತುಂಬಿದ ವಲಯವೂ ಅಷ್ಟೇ: ಊರು ಬಿಟ್ಟು ಬೇರೆಡೆಯಿಂದ ಕರೆಯುತ್ತಿರುವವರ ವಿಷಯದಲ್ಲಿ ಅದು ತಪ್ಪಿರಬಹುದು.

ರಿಸೀವರ್‌ನಲ್ಲಿ ಫಿಲ್ಟರ್ ಸುಮಾರು 300 ಹರ್ಟ್ಜ್‌ಗೆ ಇಡಿ. ತೀರಾ ಕಿರಿದು ಮಾಡಿದರೆ ಫಿಲ್ಟರೇ ಗುಂಯ್‌ಗುಡುತ್ತದೆ, ಡಿಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರ್‌ಎಫ್ ಗೇನ್ (ರಿಸೀವರ್‌ನ ಸಂವೇದನೆ) ಸ್ವಲ್ಪ ಇಳಿಸಿದರೆ ಗದ್ದಲ ಕಡಿಮೆಯಾಗುತ್ತದೆ. ಪೈಲ್‌ಅಪ್‌ನಲ್ಲಿ, ಅಂದರೆ ಒಬ್ಬರನ್ನೇ ಹಲವರು ಕರೆಯುವಾಗ, ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಕರೆದರೆ ಎದುರಿನವರಿಗೆ ಕೇಳುವುದು ಉದ್ದನೆಯ ಒಂದು ಸ್ವರವಷ್ಟೇ. ಎಕ್ಸ್‌ಐಟಿ (ಕಳಿಸುವ ಫ್ರೀಕ್ವೆನ್ಸಿಯನ್ನಷ್ಟೇ ಸರಿಸುವ ಸೌಲಭ್ಯ) ಬಳಸಿ 50ರಿಂದ 100 ಹರ್ಟ್ಜ್ ಸರಿದು ಕರೆಯಿರಿ, ಕಡಿಮೆ ಪವರ್ ಇದ್ದರೂ ಎದ್ದು ಕೇಳುತ್ತೀರಿ. ಕಳಿಸುವಾಗ ಕೀಯರ್ (ಮೋರ್ಸ್ ಸಂಕೇತ ರೂಪಿಸುವ ಸಾಧನ) ತೊದಲಿದರೆ ಯುಎಸ್‌ಬಿ ತಂತಿಯೊಳಗೆ ಆರ್‌ಎಫ್ (ರೇಡಿಯೋ ತರಂಗ) ನುಗ್ಗುತ್ತಿದೆಯೇ ನೋಡಿ. ಫೆರೈಟ್ ರಿಂಗಿಗೆ ತಂತಿಯನ್ನು ಕೆಲವು ಸುತ್ತು ಸುತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನು ಲೆಕ್ಕ. ಬೇರೆ ಖಂಡದ ಸಂಪರ್ಕಕ್ಕೆ 3 ಅಂಕ. ಒಟ್ಟು ಅಂಕವನ್ನು ಮಲ್ಟಿಪ್ಲೈಯರ್‌ನಿಂದ, ಅಂದರೆ ಪ್ರತಿ ಬ್ಯಾಂಡಿನಲ್ಲೂ ಸಿಕ್ಕ ದೇಶ ಮತ್ತು ವಲಯಗಳ ಮೊತ್ತದಿಂದ, ಗುಣಿಸುತ್ತಾರೆ. ಅಂಥ 100 ಸಂಪರ್ಕ, 60 ಮಲ್ಟಿಪ್ಲೈಯರ್ ಇದ್ದರೆ 18,000. ಹಳೆಯ ದೇಶದ ಇನ್ನೊಂದು ಸಂಪರ್ಕ 180 ಸೇರಿಸುತ್ತದೆ. ಹೊಸ ದೇಶದ್ದಾದರೆ 483. ಹಾಗಾಗಿ ಒಂದು ಬ್ಯಾಂಡಿನಲ್ಲಿ ಹೊಸಬರು ಸಿಗುವುದು ನಿಂತ ಕೂಡಲೇ ಬ್ಯಾಂಡ್ ಬದಲಿಸಿ. ಹುಡುಕಿ ಕರೆಯುವವರಿಗೆ ಈ ಕೆಲಸ ಸಲೀಸು.

ಅಭ್ಯಾಸಕ್ಕೆ ಮೋರ್ಸ್ ರನ್ನರ್ ಎಂಬ ಉಚಿತ ಸಾಫ್ಟ್‌ವೇರ್ ಒಳ್ಳೆಯದು. ಅಕ್ಷರದ ವೇಗವನ್ನು ನಿಮಿಷಕ್ಕೆ 20 ಪದಕ್ಕಿಂತ ಇಳಿಸಬೇಡಿ. ಅದಕ್ಕಿಂತ ನಿಧಾನವಾದರೆ ಕಿವಿ ಲಯವನ್ನು ಬಿಟ್ಟು ಡಿಟ್ ಎಣಿಸಲು ಕೂರುತ್ತದೆ.

ಸ್ಪರ್ಧೆ ಮುಗಿದ ಐದು ದಿನಗಳೊಳಗೆ ಲಾಗ್ ಕಳಿಸಬೇಕು. ಅದು ಕ್ಯಾಬ್ರಿಲೊ (ಸ್ಪರ್ಧಾ ಲಾಗ್‌ಗಳ ಫೈಲ್ ಮಾದರಿ) ರೂಪದಲ್ಲಿರಲಿ. ಕ್ಲಬ್ ಎಂಬ ಸಾಲಿನಲ್ಲಿ ಹೆಸರನ್ನು ಎಲ್ಲ ಸದಸ್ಯರೂ ಒಂದೇ ರೀತಿ, ಪೂರ್ಣವಾಗಿ ಬರೆಯಿರಿ. ಆ ಸಾಲು ಖಾಲಿ ಬಿಟ್ಟರೆ 48 ಗಂಟೆಯ ದುಡಿಮೆ ನಿಮ್ಮ ಹೆಸರಿಗೆ ಮಾತ್ರ ಸೇರುತ್ತದೆ, ಕ್ಲಬ್ಬಿಗಲ್ಲ.