ಯುಗಾದಿಗೆ ಮೈಸೂರು ಸಿಲ್ಕ್ ಉಡೋರಿಗೆ

ಬೀರುವಿನಿಂದ ತೆಗೆದು ಹಬ್ಬದ ಬೆಳಿಗ್ಗೆ ಹಾಗೇ ಉಡಬೇಡಿ. ಎರಡು ದಿನ ಮೊದಲೇ ನೆರಳಲ್ಲಿ ಗಾಳಿಗೆ ಹರವಿ, ನುಸಿಗುಳಿಗೆ ವಾಸನೆ ಹೋಗುತ್ತೆ. ಬಿಸಿಲು ಮಾತ್ರ ಬೇಡ, ಬಣ್ಣ ಇಳಿಯುತ್ತೆ. ಇಸ್ತ್ರಿಯನ್ನು ಉಲ್ಟಾ ಕಡೆಯಿಂದ, ಕಡಿಮೆ ಬಿಸಿಯಲ್ಲಿ, ತೆಳು ಹತ್ತಿ ಬಟ್ಟೆ ಹಾಸಿ ಮಾಡಿ. ನೀರು ಚಿಮುಕಿಸಿದರೆ ಕಲೆ ಉಳಿಯಬಹುದು.

ಹೆಚ್ಚು ಸೀರೆ ಕೆಡೋದು ಎಣ್ಣೆಸ್ನಾನದ ದಿನವೇ. ಕೂದಲಲ್ಲಿ ಜಿಡ್ಡು ಉಳಿದರೆ ರವಿಕೆಯ ಬೆನ್ನಿಗೂ ಸೆರಗಿಗೂ ಹತ್ತುತ್ತೆ. ಸೀಗೆಕಾಯಿ ಎರಡು ಸಲ ಹಾಕಿ ತೊಳೆದು, ತಲೆ ಪೂರ್ತಿ ಒಣಗಿದ ಮೇಲೆ ಉಡಿ. ಹೊಸ ಸೀರೆಗೆ ಹಚ್ಚೋ ಅರಿಶಿನ ಒಣಗಿದ್ದಾಗಿರಲಿ, ಸೊಂಟಕ್ಕೆ ಸಿಕ್ಕಿಸೋ ಒಳತುದಿಯ ಮೂಲೆಗೆ ಇರಲಿ. ಕಲಸಿ ಹಚ್ಚಿದರೆ ಹೋಗೋದೇ ಇಲ್ಲ.

ಇದು ಹುರಿ ಹಾಕಿದ ನೂಲಿನ ಕ್ರೇಪ್, ಜಾರುತ್ತೆ. ಒಳಗೆ ಸ್ಯಾಟಿನ್ ಲಂಗ ಬೇಡ, ಹತ್ತಿಯದೇ ಸರಿ. ಚಪ್ಪಲಿ ಮೊದಲು ಮೆಟ್ಟಿಕೊಂಡು ಉದ್ದ ನೋಡಿ, ಆಮೇಲೆ ನಾಲ್ಕು ಬೆರಳಗಲದ ಐದಾರು ನೆರಿಗೆ ಹಿಡಿಯಿರಿ. ಭುಜದ ಪಿನ್ನಿಗೆ ಸಣ್ಣ ಗುಂಡಿಯೊಂದನ್ನು ಪೋಣಿಸಿ ಚುಚ್ಚಿ, ಸುರುಳಿಗೆ ರೇಷ್ಮೆ ಸಿಕ್ಕಿ ಹರಿಯೋದಿಲ್ಲ.

ಹಬ್ಬ ಅಂದರೆ ಹೊಸ ಸೀರೆಯೇ ಆಗಬೇಕೆಂಬ ಹಟ ನನಗೆ ಸರಿ ಕಾಣಲ್ಲ. ಅಜ್ಜಿ ಜೋಪಾನ ಮಾಡಿ ಕೊಟ್ಟ ಸೀರೆಗಿಂತ ದೊಡ್ಡ ಉಡುಗೊರೆ ಯಾವುದಿದೆ? ಹಾಸನದಲ್ಲಿ ಹಬ್ಬದ ವಾರ ಟೈಲರ್‌ಗಳಿಗೆ ಬಿಡುವಿರಲ್ಲ, ಹಳೇ ಸೀರೆಯ ಫಾಲ್ಸ್ ಬಿಚ್ಚಿದೆಯಾ ಅಂತ ಈಗಲೇ ನೋಡಿ.

ಸೆಂಟ್ ಹಾಕೋದು ಉಡುವ ಮೊದಲು. ಜರಿಗೆ ಬಿದ್ದರೆ ಒಳಗಿನ ಬೆಳ್ಳಿ ಕಪ್ಪಾಗುತ್ತೆ. ಬಿಚ್ಚಿದ ಮೇಲೆ ಬೆವರು ಆರಲು ಬಿಟ್ಟು, ಹಳೇ ಗೆರೆ ತಪ್ಪಿಸಿ ಮಡಚಿ, ಬಿಳಿ ಪಂಚೆಯಲ್ಲಿ ಸುತ್ತಿಡಿ.