ಹಳೇ ಕಾರ್ಖಾನೆಯ ಕಲಾಕೇಂದ್ರಕ್ಕೆ ಕೈಗೂಸಿನ ಜೊತೆ ಹೋಗುವಾಗ

ಮುಚ್ಚಿದ ವಿದ್ಯುತ್ ಸ್ಥಾವರ, ಗಿರಣಿ, ಉಗ್ರಾಣಗಳು ಈಗ ಗ್ಯಾಲರಿ, ರಂಗಮಂದಿರಗಳಾಗಿವೆ. ಜಾಗ ಧಾರಾಳ, ಮಗು ಅತ್ತರೂ ಯಾರೂ ಮುಖ ಸಿಂಡರಿಸುವುದಿಲ್ಲ. ಆ ಲೆಕ್ಕಕ್ಕೆ ಮಾಮೂಲಿ ಮ್ಯೂಸಿಯಂಗಿಂತ ವಾಸಿ. ಆದರೆ ಕಟ್ಟಿದ್ದು ಯಂತ್ರಗಳಿಗೆಂದು. ಓಡಾಡುವ ದೊಡ್ಡವರ ಗಮನಕ್ಕೇ ಬಾರದ ತೊಂದರೆಗಳು ನೆಲಕ್ಕೆ ಹತ್ತಿರ ಮಲಗಿರುವ ಕೂಸಿಗೆ ತಟ್ಟುತ್ತವೆ.

ಎಲ್ಲಕ್ಕಿಂತ ಮುಖ್ಯ ಸದ್ದು. ಬಯಲಿನಲ್ಲಾದರೆ ಸ್ಪೀಕರಿನಿಂದ ದೂರ ಎರಡು ಪಟ್ಟಾದಾಗ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕಾಂಕ್ರೀಟು, ಇಟ್ಟಿಗೆ, ಉಕ್ಕಿನ ತೊಲೆಗಳು ಸದ್ದನ್ನು ಹೀರುವುದಿಲ್ಲ, ಮರಳಿ ಎಸೆಯುತ್ತವೆ. ಹಾಗಾಗಿ ಇಂಥ ಹಾಲ್‌ನಲ್ಲಿ ಒಂದು ದೂರ ದಾಟಿದ ಮೇಲೆ ಎಷ್ಟು ಹಿಂದೆ ಸರಿದರೂ ಹೆಚ್ಚು ಪ್ರಯೋಜನವಿಲ್ಲ. ಮೂಲೆಗೆ ಹೋಗಿ ನಿಲ್ಲುವ ಬದಲು ಬಾಗಿಲು ಮುಚ್ಚುವ ಬೇರೆ ಕೋಣೆಗೆ ಹೋಗಿ. ತೋಳಳತೆಯಲ್ಲಿರುವವರ ಜೊತೆ ಮಾತಾಡಲು ದನಿ ಏರಿಸಬೇಕಾಗಿ ಬಂದರೆ ಅಲ್ಲಿ ಮಗುವನ್ನು ನಿಲ್ಲಿಸಿಕೊಳ್ಳುವುದು ಬೇಡ. ಕಿವಿಯನ್ನು ಪೂರ್ತಿ ಮುಚ್ಚುವ, ಮೆತ್ತನೆಯ ಪಟ್ಟಿಯ ಇಯರ್‌ಮಫ್ ಕೆಲಸಕ್ಕೆ ಬರುತ್ತದೆ. ಫೋಮ್ ಇಯರ್‌ಪ್ಲಗ್ ಬೇಡವೇ ಬೇಡ, ಮಗು ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇಯರ್‌ಮಫ್ ಕೂಡ ಗಂಟೆಗಟ್ಟಲೆ ಹಾಕಿಡುವ ವಸ್ತುವಲ್ಲ, ಪಟ್ಟಿ ಎಳೆಯ ತಲೆಯನ್ನು ಒತ್ತುತ್ತದೆ. ಟಿಕೆಟ್ ಕೌಂಟರಿನಲ್ಲೇ ಕೇಳಿಬಿಡಿ: ಇವತ್ತು ಯಾವ ಕಲಾಕೃತಿಗೆ ಜೋರು ಸದ್ದು ಅಥವಾ ಮಿನುಗುವ ದೀಪ ಇದೆ, ಎಷ್ಟು ಹೊತ್ತಿಗೊಮ್ಮೆ?

ಸ್ಟ್ರೋಲರ್ ಒಯ್ಯಬೇಕೋ, ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಸಾಕೋ? ಎರಡೂ ಬೇಕು. ಲಂಡನ್ನಿನ ಟೇಟ್ ಮಾಡರ್ನ್ ಕಲಾ ಮ್ಯೂಸಿಯಂ 2000ದಲ್ಲಿ ತೆರೆದದ್ದು ಹಳೆಯ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರದೊಳಗೆ. ಅದರ ಟರ್ಬೈನ್ ಹಾಲ್ 150 ಮೀಟರಿಗಿಂತ ಉದ್ದ, ಪಶ್ಚಿಮದ ಬಾಗಿಲಿನಿಂದ ನೆಲವೇ ಇಳಿಜಾರು. ಅಷ್ಟುದ್ದ ಮಗುವನ್ನು ಹೊತ್ತು ಓಡಾಡಿದರೆ ಬೆನ್ನು ಬಿದ್ದುಹೋಗುತ್ತದೆ. ಇಳಿಜಾರಿನಲ್ಲಿ ಸ್ಟ್ರೋಲರಿನ ಹಿಡಿಪಟ್ಟಿಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಿ, ಫೋಟೋ ತೆಗೆಯಲು ನಿಂತರೆ ಬ್ರೇಕ್ ಒತ್ತಿ. ಜರ್ಮನಿಯ ಎಸ್ಸೆನ್‌ನಲ್ಲಿರುವ ಮುಚ್ಚಿದ ತ್ಸೋಲ್‌ಫೆರಾಯ್ನ್ ಗಣಿಯಲ್ಲಿ ಕಲ್ಲಿದ್ದಲು ತೊಳೆಯುತ್ತಿದ್ದ, ಈಗ ಮ್ಯೂಸಿಯಂ ಆಗಿರುವ ಕಟ್ಟಡಕ್ಕೆ ಸುಮಾರು 24 ಮೀಟರ್ ಎತ್ತರಕ್ಕೆ ಏರುವ ಎಸ್ಕಲೇಟರ್ ಇದೆ. ನೋಡಲು ಸೊಗಸು, ಆದರೆ ಎಸ್ಕಲೇಟರ್ ಮೇಲೆ ಸ್ಟ್ರೋಲರ್ ಎಲ್ಲೂ ಸಲ್ಲದು: ಮುಂಚಕ್ರ ಮೆಟ್ಟಿಲಂಚಿನಿಂದ ಜಾರಿದರೆ ಹಿಡಿದು ನಿಲ್ಲಿಸಲಾಗದು. ಲಿಫ್ಟ್ ಎಲ್ಲಿದೆ ಎಂದು ಕೇಳಿ. ಇಂಥ ಕಡೆ ಅದು ಮುಖ್ಯ ದಾರಿಯಿಂದ ದೂರ, ಹಳೆಯ ಸರಕು ಸಾಗಿಸುತ್ತಿದ್ದ ಬದಿಯಲ್ಲಿರುವುದುಂಟು.

ನೆಲದಲ್ಲಿ ಚಿಕ್ಕ ಚಕ್ರಕ್ಕೆ ಎರಡು ಶತ್ರುಗಳು: ಹಳೆಯ ಹಳಿಗಳ ಸಂದು, ಕಬ್ಬಿಣದ ಜಾಲರಿ ಹಾಸಿದ ಎತ್ತರದ ನಡೆದಾರಿ. ಹಳಿಯನ್ನು ಓರೆಯಾಗಿ ದಾಟಿದರೆ ಮುಂಚಕ್ರ ಸಂದಿನೊಳಗೇ ತಿರುಗಿ ಕೂರುತ್ತದೆ. ನೇರ ಅಡ್ಡಲಾಗಿ ದಾಟಿ, ಇಲ್ಲವೇ ಗಾಡಿಯನ್ನು ತಿರುಗಿಸಿ ದೊಡ್ಡ ಹಿಂಚಕ್ರ ಮೊದಲು ದಾಟುವಂತೆ ಎಳೆಯಿರಿ. ಜಾಲರಿಯ ಮೇಲೆ ಕ್ಯಾರಿಯರ್ರೇ ಸರಿ. ಅಲ್ಲಿಂದ ಬಿದ್ದ ಗಿಲಕಿ ಕೆಳಗಿನವರ ತಲೆಗೆ ಹೋಗುತ್ತದೆ, ದಾರ ಕಟ್ಟಿಡಿ. ಕ್ಯಾರಿಯರಿನಲ್ಲಿ ಮಗುವಿನ ಮುಖ ಸದಾ ಕಾಣುತ್ತಿರಬೇಕು, ಗದ್ದ ಎದೆಗೆ ಅಂಟಿರಬಾರದು. ಕತ್ತಲೆಯ ವಿಡಿಯೋ ಕೋಣೆಯಲ್ಲಿ ಇದನ್ನು ಮರೆಯುವುದು ಸುಲಭ, ಆಗಾಗ ಕೈಯಿಟ್ಟು ನೋಡಿ.

ಬಿಸಿಗಾಳಿ ಸೂರಿಗೆ ಏರುವುದರಿಂದ ಕೆಳಗಿನ ಹಾಲ್ ತಣ್ಣಗೆ, ಮೇಲಿನ ಗ್ಯಾಲರಿ ಬೆಚ್ಚಗೆ. ಒಂದೇ ದಪ್ಪ ಉಡುಪಿಗಿಂತ ತೆಳುವಾದ ಎರಡು ಮೂರು ಪದರ ಅನುಕೂಲ. ಕೈಕಾಲು ತಣ್ಣಗಿದ್ದರೆ ಗಾಬರಿ ಬೇಡ, ಕತ್ತಿನ ಹಿಂಭಾಗ ಮುಟ್ಟಿ ತೀರ್ಮಾನಿಸಿ. ಬೆಳಕು ಬೀಳುತ್ತದೆಂದು ಸ್ಟ್ರೋಲರಿಗೆ ಹೊದಿಕೆ ಮುಚ್ಚಬೇಡಿ, ಗಾಳಿಯಾಡದೆ ಒಳಗೆ ಸೆಕೆಯಾಗುತ್ತದೆ.

ಅಂಬೆಗಾಲಿಡುವ ವಯಸ್ಸಾದರೆ ದೂಳಿನ ಕಡೆಗೂ ಗಮನವಿರಲಿ. ಟರ್ಬೈನ್ ಹಾಲ್‌ನಲ್ಲಿ 2010ರಲ್ಲಿ ಚೀನಾದ ಕಲಾವಿದ ಐ ವೈವೈ ಹರಡಿದ ಪಿಂಗಾಣಿಯ ಸೂರ್ಯಕಾಂತಿ ಬೀಜಗಳ ಮೇಲೆ ಜನ ನಡೆಯುವುದನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಿದ್ದು ದೂಳಿನಿಂದಾಗಿಯೇ. ಹಳೆಯ ಕಟ್ಟಡಗಳಲ್ಲಿ ಸಿಪ್ಪೆಯೇಳುವ ಬಣ್ಣದಲ್ಲಿ ಸೀಸವಿರಬಹುದು. ಕಿಟಕಿಯ ಹಲಗೆ, ತುಕ್ಕು ಹಿಡಿದ ಯಂತ್ರಗಳನ್ನು ಮುಟ್ಟಿದ ಕೈ ಬಾಯಿಗೆ ಹೋಗುವ ಮುಂಚೆ ಸೋಪು ನೀರಿನಲ್ಲಿ ತೊಳೆಯಬೇಕು. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಮಗುವನ್ನು ಬಿಡುವುದಾದರೆ ಒಂದು ಹಾಸು ಹಾಸಿ, ಆಮೇಲೆ ನೆಲಕ್ಕೆ ತಾಗಿದ ಬದಿ ಮಗು ಕೂತ ಬದಿಗೆ ತಾಗದಂತೆ ಮಡಚಿ ಬೇರೆ ಚೀಲಕ್ಕೆ ಹಾಕಿ. ಹಳೆಯ ರೇಲಿಂಗ್‌ಗಳಲ್ಲಿ ಕಂಬಿಗಳ ನಡುವಿನ ಸಂದು ಅಗಲವಿರುವುದುಂಟು. 10 ಸೆಂಟಿಮೀಟರಿಗಿಂತ ಹೆಚ್ಚೆನಿಸಿದರೆ ಅದರ ಬಳಿ ಮಗುವನ್ನು ಕೆಳಗಿಳಿಸಲೇಬೇಡಿ.

ಡಯಾಪರ್ ಬದಲಿಸುವ ಕೋಣೆ ಎಲ್ಲ ಮಹಡಿಗಳಲ್ಲೂ ಇರುವುದಿಲ್ಲ. ಮೇಲಕ್ಕೆ ಹತ್ತುವ ಮುಂಚೆಯೇ ಬದಲಿಸಿ, ಹಾಲು ಕುಡಿಸಿ ಹೊರಡಿ. ಲಿಫ್ಟ್ ಒಂದೇ ಇರುವ ಕಟ್ಟಡವಾದರೆ ಅದು ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ದಿನ ಬೆಳಿಗ್ಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು; ಕೆಟ್ಟಿದ್ದರೆ ಸ್ಟ್ರೋಲರ್ ಮನೆಯಲ್ಲೇ ಬಿಟ್ಟು ನೆಲಮಹಡಿ ಮಾತ್ರ ನೋಡಿ ಬನ್ನಿ.