ಆಪ್ಟಿಮೈಸರ್ ಮಿತಿಗೆ ಹೋಗಿ ಅಂಟಿಕೊಂಡ ದಿನ

ಬೆಳಿಗ್ಗೆ ಆಪ್ಟಿಮೈಸರ್ (ಅತ್ಯುತ್ತಮ ವಿನ್ಯಾಸ ಹುಡುಕುವ ಪ್ರೋಗ್ರಾಂ) ಕೈಗೆ ಕೊಟ್ಟಿದ್ದು ವಿಮಾನದ ಜೆಟ್ ಎಂಜಿನ್ನಿನ ಥರ್ಮೋಡೈನಮಿಕ್ ಸೈಕಲ್ ಒಂದನ್ನೇ, ಅಂದರೆ ಗಾಳಿಯನ್ನು ಒತ್ತಿ, ಉರಿಸಿ, ಹಿಗ್ಗಿಸುವ ಲೆಕ್ಕವನ್ನಷ್ಟೇ. ಇಂಧನ ಉಳಿಸು ಎಂದರೆ ಅದು ಒಟ್ಟು ಒತ್ತಡ ಅನುಪಾತವನ್ನು (ಒಳಬಂದ ಗಾಳಿಯ ಒತ್ತಡ ಕಂಪ್ರೆಸರ್ ದಾಟುವಾಗ ಎಷ್ಟು ಪಟ್ಟಾಗುತ್ತದೆ ಎಂಬುದನ್ನು) 40ರಿಂದ ಎತ್ತಿ, ನಾವು ಹಾಕಿದ್ದ ಮೇಲ್ಮಿತಿ 50ಕ್ಕೇ ತಂದು ನಿಲ್ಲಿಸಿತು. ಉತ್ತರ ಹೀಗೆ ಮಿತಿಗೆ ಅಂಟಿಕೊಂಡರೆ ಮೊದಲು ಅನುಮಾನಿಸಬೇಕಾದ್ದು ಲೆಕ್ಕದ ಮಾದರಿಯನ್ನು.

ಬಿಟ್ಟುಹೋಗಿದ್ದು ಬಿಸಿಯ ಲೆಕ್ಕ. ಒಳಬರುವ ಗಾಳಿ 288 ಕೆಲ್ವಿನ್, ಕಂಪ್ರೆಸರ್‌ನ ಪಾಲಿಟ್ರೋಪಿಕ್ ದಕ್ಷತೆ (ಒತ್ತುವ ಪ್ರತಿ ಸಣ್ಣ ಹೆಜ್ಜೆಯ ದಕ್ಷತೆ) 90%, ಗಾಮಾ (ಗಾಳಿಯ ಎರಡು ಉಷ್ಣಧಾರಣೆಗಳ ಅನುಪಾತ) 1.4 ಎಂದಿಟ್ಟುಕೊಳ್ಳಿ. ಕಂಪ್ರೆಸರ್ ದಾಟಿದ ಗಾಳಿ ಅನುಪಾತ 40 ಇದ್ದರೆ ಸುಮಾರು 930 ಕೆಲ್ವಿನ್, 50 ಇದ್ದರೆ 997. ಆ ಬಿಸಿಗೆ ಕಂಪ್ರೆಸರ್‌ನ ಕೊನೆಯ ಡಿಸ್ಕ್‌ನ ನಿಕಲ್ ಮಿಶ್ರಲೋಹದ ಬಲ ಕುಗ್ಗುತ್ತದೆ. ಟರ್ಬೈನ್ ಬ್ಲೇಡ್ ತಂಪು ಮಾಡುವ ಗಾಳಿಯೂ ಅಲ್ಲಿಂದಲೇ ಬರಬೇಕು. ಅದೇ ಬಿಸಿಯಾದರೆ ಇನ್ನಷ್ಟು ಗಾಳಿ ತೆಗೆಯಬೇಕು, ಸೈಕಲ್‌ನಲ್ಲಿ ಗಳಿಸಿದ್ದು ಅಲ್ಲಿ ಸೋರಿಹೋಗುತ್ತದೆ. ಜೊತೆಗೆ, ಗಾಳಿಯನ್ನು ಒತ್ತಿದಷ್ಟೂ ಕೊನೆಯ ಸ್ಟೇಜಿನ (ಬ್ಲೇಡುಗಳ ಹಂತದ) ಬ್ಲೇಡ್ ಗಿಡ್ಡವಾಗುತ್ತದೆ. ಬ್ಲೇಡ್ ತುದಿಗೂ ಕೇಸಿಂಗಿಗೂ ನಡುವಿನ ಸಂದು 0.25 ಮಿ.ಮೀ. ಇದ್ದರೆ, 25 ಮಿ.ಮೀ. ಬ್ಲೇಡಿಗೆ ಅದು 1%, 12.5 ಮಿ.ಮೀ. ಬ್ಲೇಡಿಗೆ 2%. ದಕ್ಷತೆಯನ್ನು ಬದಲಾಗದ ಒಂದು ಸಂಖ್ಯೆಯಾಗಿ ಬರೆದಿಟ್ಟ ಮಾದರಿಗೆ ಈ ಸೋರಿಕೆ ಕಾಣುವುದೇ ಇಲ್ಲ.

ಮಧ್ಯಾಹ್ನ ಇದನ್ನೆಲ್ಲ ಸೇರಿಸಿ, ತೂಕ ಮತ್ತು ನಸೆಲ್ (ಎಂಜಿನ್ನಿನ ಹೊರಕವಚ) ಮೇಲಿನ ಗಾಳಿಯ ಎಳೆತವನ್ನೂ ಜೋಡಿಸಿ ಓಡಿಸಿದರೆ ಆಪ್ಟಿಮೈಸರ್ ನಿಂತಲ್ಲೇ ತಡಕಾಡತೊಡಗಿತು. ಸೈಕಲ್, ತೂಕ, ಎಳೆತ ಎಂಬ ವಿಭಾಗಗಳ ಉತ್ತರ ಪರಸ್ಪರ ಹೊಂದುವವರೆಗೆ ಸುತ್ತುವ ಲೂಪ್, ತಪ್ಪು 10⁻⁴ಕ್ಕೆ ಇಳಿದರೆ ಸಾಕೆಂದು ನಿಲ್ಲುತ್ತಿತ್ತು. ಇಳಿಜಾರು (ಡೆರಿವೇಟಿವ್) ಅಳೆಯಲು ವಿನ್ಯಾಸವನ್ನು ಅಲುಗಿಸುವ ಹೆಜ್ಜೆಯೂ 10⁻⁴. ಲೆಕ್ಕದ ಏರುಪೇರೇ ಇಳಿಜಾರಿನಂತೆ ಕಂಡಿತ್ತು. ಲೂಪನ್ನು 10⁻⁹ಕ್ಕೆ ಬಿಗಿ ಮಾಡಿದ ಮೇಲೆ ದಿಕ್ಕು ಸಿಕ್ಕಿತು. ಕೋಡ್ ಬಿಚ್ಚಿ ಬರೆಯಲು ಸಮಯವಿದ್ದರೆ ಆಡ್‌ಜಾಯಿಂಟ್ (ಹೀಗೆ ಅಲುಗಿಸಿ ನೋಡದೆ ಸಮೀಕರಣಗಳಿಂದಲೇ ಇಳಿಜಾರು ತೆಗೆಯುವ ವಿಧಾನ) ಎಷ್ಟೋ ಮೇಲು.

ಆದರೂ ಒಂದು ಕಡೆ ಮುಗ್ಗರಿಸುತ್ತಿತ್ತು. ಕಂಪ್ರೆಸರ್ ಸ್ಟೇಜ್ ಸಂಖ್ಯೆ 9ರಿಂದ 10ಕ್ಕೆ ಹಾರಿದ ಕೂಡಲೇ ತೂಕವೂ ಹಾರುತ್ತದೆ, ಅಲ್ಲಿ ಇಳಿಜಾರು ಎಂಬುದೇ ಇಲ್ಲ. ಆದ್ದರಿಂದ 9, 10, 11 ಎಂದು ಸ್ಟೇಜ್‌ಗಳನ್ನು ಕಟ್ಟಿಹಾಕಿ ಮೂರು ಬಾರಿ ಬೇರೆಬೇರೆಯಾಗಿ ಓಡಿಸಿ ಹೋಲಿಸುವುದೇ ಸರಿ.

ಮುಂದಿನ ಫ್ಯಾನ್ ಮತ್ತು ಅದನ್ನು ತಿರುಗಿಸುವ ಟರ್ಬೈನ್ ನಡುವೆ ಗೇರ್‌ಬಾಕ್ಸ್ ಬೇಕೇ ಬೇಡವೇ ಎಂಬುದಕ್ಕೂ ಇದೇ ದಾರಿ: ಮೂರೂ ಓಟಗಳನ್ನು ಗೇರ್ ಇಟ್ಟು ಒಮ್ಮೆ, ಇಡದೆ ಒಮ್ಮೆ. 2.4 ಮೀಟರ್ ಫ್ಯಾನಿನ ತುದಿ ವೇಗ ಸೆಕೆಂಡಿಗೆ 350 ಮೀಟರ್ ಎಂದರೆ ನಿಮಿಷಕ್ಕೆ ಸುಮಾರು 2,785 ಸುತ್ತು. ಗೇರ್ ಇಲ್ಲದಿದ್ದರೆ ಅದೇ ಶಾಫ್ಟಿನ ಟರ್ಬೈನ್ ಕೂಡ ಇದೇ ವೇಗದಲ್ಲಿ ತಿರುಗಬೇಕು. ಅದಕ್ಕೆ ಇದು ತೀರಾ ನಿಧಾನ, ಸ್ಟೇಜ್‌ಗಳು ಹೆಚ್ಚುತ್ತವೆ: ಗೇರ್ ಇಲ್ಲದ ಲೀಪ್-1ಎ ಎಂಜಿನ್ನಿನಲ್ಲಿ ಈ ಟರ್ಬೈನ್‌ಗೆ 7 ಸ್ಟೇಜ್, ಗೇರ್ ಇರುವ ಪಿಡಬ್ಲ್ಯೂ1100ಜಿಯಲ್ಲಿ 3. ಆದರೆ ಗೇರ್ ಮೂಲಕ 20 ಮೆಗಾವ್ಯಾಟ್ ಹಾದು 1% ನಷ್ಟವಾದರೂ 200 ಕಿಲೋವ್ಯಾಟ್ ಬಿಸಿ ಎಣ್ಣೆಗೆ ಸೇರುತ್ತದೆ. ಆ ಎಣ್ಣೆಯ ಕೂಲರ್ ತೂಕ ಮಾದರಿಯಲ್ಲಿ ಇರಲೇ ಇಲ್ಲ. ಸಂಜೆ ಅದನ್ನು ಸೇರಿಸಿ ಆರೂ ಓಟಗಳನ್ನು ಮೊದಲಿನಿಂದ ಹಾಕಿದೆವು.